ಹಲೋ ಅಕ್ಕ ಹೇಳಿದ ಏಳು ನಂಬರು

ಆ ಹೋಟೆಲಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಇಪ್ಪತ್ತಾರು ವರ್ಷ ಟೆಲಿಫೋನ್ ಬೋರ್ಡಿನ ಮುಂದೆ ಕೂತು, ಅಡುಗೆಯವರಿಂದ ಹಿಡಿದು ಮ್ಯಾನೇಜರವರೆಗೆ ಎಲ್ಲರಿಗೂ ‘ಹಲೋ ಅಕ್ಕ’ ಆಗಿಬಿಟ್ಟಿದ್ದಳು. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡಂತೆ, ಕಿಟಕಿಯಿಲ್ಲದ ಗೂಡಿನಂಥ ಜಾಗ ಅವಳದು. ಅವಳ ಮುಖ ನೋಡಿದವರು ಕಡಿಮೆ, ದನಿ ಕೇಳದವರಿಲ್ಲ. ಮೂಲೆಯಂಗಡಿಯಲ್ಲಿ ಕನ್ನಡಕ ಮಾಡಿಕೊಡುವ ಅವಳ ಗಂಡ, “ಊರವರಿಗೆಲ್ಲ ಸಕ್ಕರೆ, ನನಗೆ ಮಾತ್ರ ಮೆಣಸಿನಕಾಯಿ” ಎಂದು ಆ ದನಿಯ ಬಗ್ಗೆ ರೇಗಿಸುತ್ತಿದ್ದ.

ಬಂದೂಕು ಹಿಡಿದವರು ನುಗ್ಗಿದ್ದು ಮಧ್ಯಾಹ್ನ, ಊಟದ ಹೊತ್ತಿಗೆ. ಮೊದಲ ಸದ್ದು ಕೇಳಿದಾಗ ಅವಳು ಬಟ್ಟೆಯ ಯಂತ್ರ ಕೆಟ್ಟಿತೆಂದುಕೊಂಡಳು. ಅಷ್ಟರಲ್ಲಿ ಮುಂಬಾಗಿಲ ಕೌಂಟರಿನಿಂದ ಕರೆ ಬಂತು. “ಅಕ್ಕಾ, ಗುಂಡು ಹೊಡೀತಿದ್ದಾರೆ, ಬಾಗಿಲು ಹಾಕ್ಕೊ...” ಅಷ್ಟೇ. ಆಮೇಲೆ ಆ ಕಡೆಯಿಂದ ಮಾತಿಲ್ಲ.

ಬಟ್ಟೆ ಒಗೆಯುವವರು ಹಿಂಬಾಗಿಲಿನಿಂದ ಓಡುವಾಗ ಅವಳ ರಟ್ಟೆ ಹಿಡಿದು ಎಳೆದರು. ಬೋರ್ಡಿನ ತುಂಬ ಕೆಂಪು ದೀಪಗಳು ಹತ್ತಿಕೊಂಡಿದ್ದವು. ಪ್ರತಿ ದೀಪದ ಹಿಂದೆ ಒಂದು ಕೋಣೆ, ಕೋಣೆಯೊಳಗೆ ಜೀವ. “ನೀವು ನಡೀರಿ, ಇದೊಂದು ಕರೆ ಮುಗಿಸಿ ಬಂದೆ” ಎಂದವಳು ನಾಲ್ಕು ಗಂಟೆ ಕಾಲ ಕುರ್ಚಿ ಬಿಟ್ಟು ಏಳಲಿಲ್ಲ. ಚಿಲಕ ಹಾಕಿ, ಮಂಚ ಎಳೆದು ಬಾಗಿಲಿಗೆ ಒತ್ತಿ, ಬಚ್ಚಲಲ್ಲಿ ನೆಲಕ್ಕೆ ಮಲಗಿ, ಯಾರು ತಟ್ಟಿದರೂ ತೆಗೆಯಬೇಡಿ. ಇದನ್ನೇ ಎಷ್ಟು ಸಲ ಹೇಳಿದಳೋ, ನಾಲಿಗೆ ಒಣಗಿ ಅಂಗುಳಿಗೆ ಅಂಟಿಕೊಂಡಿತು. ನಾನೂರ ಹದಿನೇಳನೇ ಕೋಣೆಯಲ್ಲಿ ಕೆಲಸದ ಸಂದರ್ಶನಕ್ಕೆ ಬಂದಿದ್ದ ಹುಡುಗಿಯೊಬ್ಬಳಿದ್ದಳು. ಆಗಾಗ ಕರೆ ಮಾಡಿ, “ಇದ್ದೀರಾ ಅಕ್ಕಾ?” ಎನ್ನುತ್ತಿದ್ದಳು. “ಇದ್ದೀನಮ್ಮ, ನಾನೆಲ್ಲಿಗೆ ಹೋಗ್ಲಿ” ಎನ್ನುತ್ತಿದ್ದಳು ಇವಳು.

ನಾಲ್ಕನೇ ಗಂಟೆ ಮುಗಿಯುತ್ತ ಬಂದಾಗ ಮೂರನೇ ಮಹಡಿಯ ನೌಕರರ ಫೋನಿನ ದೀಪ ಹತ್ತಿತು. ಗಂಡಸಿನ ದನಿ, ಏದುಸಿರಿಲ್ಲ, ಗಾಬರಿಯಿಲ್ಲ, ಕರೆಯುವಲ್ಲಿ ಮಾತ್ರ ಸಣ್ಣದೊಂದು ಎಳೆತ.

“ಅಕ್ಕಾ, ನಾವು ರಕ್ಷಣಾ ಪಡೆಯವರು. ಮೇಲೆ ಬಂದಿದ್ದೀವಿ, ಇನ್ನು ಹೆದರ್ಕೋಬೇಡಿ. ನಾಲ್ಕನೇ ಮಹಡೀಲಿ ಯಾವ್ಯಾವ ರೂಮಲ್ಲಿ ಜನ ಇದ್ದಾರೆ ಹೇಳಿ. ಇಳಿಸ್ಕೊಂಡು ಬರ್ತೀವಿ.”

ಅಕ್ಕ ಎಂದನಲ್ಲ, ಹೋಟೆಲಿನವರು ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ ಎಂದುಕೊಂಡಳು. ಹೋದ ಜೀವ ಬಂದಂತಾಯಿತು. ಏಳು ನಂಬರು ಓದಿ ಹೇಳಿದಳು.

“ಮೂರು ಸಲ ತಟ್ತೀವಿ, ತೆಗೀರಿ ಅಂತ ಅವರಿಗೂ ಹೇಳಿಬಿಡಿ ಅಕ್ಕಾ.”

ಅವಳು ಒಂದೊಂದೇ ಕೋಣೆಗೆ ಕರೆ ಮಾಡಿದಳು. ಆರು ಸಿಕ್ಕವು. ಏಳನೆಯದರ ಲೈನು ಬಿಡುವಿರಲಿಲ್ಲ. ಮತ್ತೊಮ್ಮೆ ಪ್ರಯತ್ನಿಸುವಷ್ಟರಲ್ಲಿ ವಿದ್ಯುತ್ ಹೋಗಿ ಬೋರ್ಡಿನ ದೀಪಗಳೆಲ್ಲ ಆರಿದವು. ಕತ್ತಲಲ್ಲಿ ಗೋಡೆ ತಡವುತ್ತ ಹಿಂಬಾಗಿಲಿನಿಂದ ಹೊರಬಿದ್ದಾಗ ಇನ್ನೂ ಬಿಸಿಲಿತ್ತು.

ಮರುದಿನದ ಪತ್ರಿಕೆಗಳು ಅವಳನ್ನು ಹೊತ್ತು ಮೆರೆಸಿದವು. ಪ್ರಾಣದ ಹಂಗು ತೊರೆದು ಕೂತ ಆಪರೇಟರ್ ಎಂದು ಬರೆದವು. ಎರಡನೇ, ಐದನೇ ಮಹಡಿಯ ಅನೇಕರು ಅವಳ ಮಾತು ಕೇಳಿ ಉಳಿದದ್ದೂ ನಿಜ. ಗಂಡ ಆ ಸುದ್ದಿಯನ್ನು ಕತ್ತರಿಸಿ ಅಂಗಡಿಯ ಗಾಜಿಗೆ ಅಂಟಿಸಿದ. ನಾಲ್ಕನೇ ಮಹಡಿಯಲ್ಲಿ ಬಾಗಿಲು ಒಡೆದು ಒಂಬತ್ತು ಮಂದಿಯನ್ನು ಕೊಂದರೆಂದು ಅದೇ ಪತ್ರಿಕೆಯಲ್ಲಿತ್ತು. ಅವಳು ಅತ್ತಳು. ರಕ್ಷಣೆಯವರು ಒಂದು ಹೆಜ್ಜೆ ತಡವಾದರಲ್ಲ ಎಂದು ಮರುಗಿದಳು.

ಹತ್ತೊಂಬತ್ತನೇ ದಿನ ತನಿಖಾಧಿಕಾರಿಯಿಂದ ಬುಲಾವು ಬಂತು. ಸದಾ ನೆಗಡಿಯಿಂದ ಮೂಗು ಒರೆಸಿಕೊಳ್ಳುತ್ತಿದ್ದ ನಡುವಯಸ್ಸಿನ ಮನುಷ್ಯ. ಅವಳು ಮೆಚ್ಚುಗೆಯ ಮಾತು ನಿರೀಕ್ಷಿಸಿ ಹೋಗಿದ್ದಳು. ಅವನು ಎರಡು ದಿನ ಬರೀ ಪ್ರಶ್ನೆ ಕೇಳಿದ. ಗಂಡನ ಅಂಗಡಿಗೆ ಯಾರ್ಯಾರು ಬರ್ತಾರೆ? ಮೈದುನ ಯಾಕೆ ಹೊರದೇಶದಲ್ಲಿದ್ದಾನೆ? ಎಲ್ಲರೂ ಓಡಿಹೋದಾಗ ನೀವೊಬ್ಬರೇ ಯಾಕೆ ಉಳಿದಿರಿ?

“ಉಳಿದದ್ದೇ ತಪ್ಪಾ ಸರ್?” ಎಂದು ಎರಡನೇ ದಿನ ಸಂಜೆ ಅವಳು ಕೇಳಿಯೇಬಿಟ್ಟಳು. ಅವನು ಮೂಗು ಒರೆಸಿಕೊಂಡು ಮುಂದಿನ ಪ್ರಶ್ನೆಗೆ ಹೋದ.

ಮೂರನೇ ದಿನ ಬೆಳಿಗ್ಗೆ ಮೇಜಿನ ಮೇಲೆ ಧ್ವನಿಮುದ್ರಣದ ಯಂತ್ರವಿತ್ತು. ಬೋರ್ಡಿನ ಕರೆಗಳೆಲ್ಲ ಅದರಲ್ಲಿ ದಾಖಲಾಗಿದ್ದವು. “ಅಕ್ಕಾ, ನಾವು ರಕ್ಷಣಾ ಪಡೆಯವರು” ಎಂಬ ದನಿ ಬಂತು. ಹಿಂದೆಯೇ ಅವಳದೇ ಸಕ್ಕರೆ ದನಿ, ಏಳು ನಂಬರು.

ಅಧಿಕಾರಿ ಯಂತ್ರ ನಿಲ್ಲಿಸಿ ಅವಳ ಮುಖವನ್ನೇ ನೋಡಿದ.

“ಯಾರಿವನು?”

“ನಿಮ್ಮವರೇ ಅಲ್ವಾ ಸರ್? ಕರ್ಕೊಂಡು ಬರೋಕೆ ಹೋದವರು?”

ಅವನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ದನಿ ತಗ್ಗಿಸಿ ಹೇಳಿದ. “ಆ ಹೊತ್ತಿಗೆ ನಮ್ಮವರು ಯಾರೂ ಹೋಟೆಲ್ ಒಳಗೆ ಕಾಲಿಟ್ಟಿರಲಿಲ್ಲಮ್ಮ. ನಾವು ಒಳಗೆ ಹೋಗಿದ್ದು ಇನ್ನೂ ಮುಕ್ಕಾಲು ಗಂಟೆ ಆದ್ಮೇಲೆ. ಯಾವ ಬಾಗಿಲೂ ಒಡೆದಿರಲಿಲ್ಲ. ಎಲ್ಲಾ ಒಳಗಿಂದ ತೆಗೆದಿದ್ದವು.”

ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲು ಹೊತ್ತು ಹಿಡಿಯಿತು. ಅರ್ಥವಾದಾಗ ಅವಳು ಅಳಲಿಲ್ಲ. ಕೂತ ಕುರ್ಚಿಯ ಕೈಗಳನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

“ಏಳೂ ಕೋಣೇನಾ?”

“ಆರು. ಏಳನೆಯವರು ಮನೆಯವರ ಜೊತೆ ಫೋನಲ್ಲಿದ್ರು. ನಿಮಗೆ ಲೈನ್ ಸಿಗಲಿಲ್ಲ, ಬದುಕ್ಕೊಂಡ್ರು.”

ಅವತ್ತು ಅಧಿಕಾರಿಯ ಅನುಮಾನ ಹರಿಯಿತು. ಕಾನೂನಿನ ಕಣ್ಣಲ್ಲಿ ನಿಮ್ಮ ಮೇಲೆ ತಪ್ಪಿಲ್ಲ ಎಂದ. ತನಿಖೆ ಮುಗಿಯುವವರೆಗೆ ಇದನ್ನು ಯಾರ ಮುಂದೆಯೂ ಬಾಯಿಬಿಡಬೇಡಿ ಎಂದ. ನೀರು ತರಿಸಿಕೊಟ್ಟ. ಅವಳು ಲೋಟ ಮುಟ್ಟದೆ ಎದ್ದಳು.

ನೇರ ಗಂಡನ ಅಂಗಡಿಗೆ ಹೋಗಿ, ಗಿರಾಕಿಗಳ ಎದುರೇ, ಗಾಜಿಗೆ ಅಂಟಿಸಿದ್ದ ಸುದ್ದಿಯನ್ನು ಉಗುರಿನಿಂದ ಕೆರೆದು ಕಿತ್ತಳು. ಗಂಡ ಅಂಗಡಿ ಮುಚ್ಚಿ ಮನೆಗೆ ಕರೆತಂದ. ವಿಷಯ ಕೇಳಿದವನೇ ಅವಳ ಪಕ್ಕದಲ್ಲಿ ಕೂತ. “ನೀನೇನು ಬೇಕಂತ ಮಾಡಿದ್ಯಾ?” ಎಂದ.

“ಬೇಕಂತ ಮಾಡಿದ್ರೆ ಶಿಕ್ಷೆ ಅಂತಾದ್ರೂ ಒಂದಿರ್ತಿತ್ತು ಕಣ್ರೀ.”

ಆಮೇಲೆ ಮನೆಯಲ್ಲಿ ಫೋನು ಬಡಿದುಕೊಂಡರೆ ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಲ್ಲುತ್ತಿದ್ದಳು, ಸದ್ದು ಕೇಳಬಾರದೆಂದು. ಮಾತಾಡುವುದನ್ನೂ ಕಡಿಮೆ ಮಾಡಿದಳು. ತನ್ನ ದನಿ ತನ್ನ ಕಿವಿಗೆ ಬಿದ್ದರೆ ಮೈ ಜುಮ್ಮೆನ್ನುತ್ತಿತ್ತು. ಮೆಣಸಿನಕಾಯಿಯಾದರೂ ಸರಿ, ಒಂದು ಮಾತಾಡೇ ಎಂದು ಗಂಡ ಗೋಗರೆಯುವಂತಾಯಿತು.

ದಾಳಿಕೋರರಲ್ಲಿ ಒಬ್ಬ ಜೀವಂತ ಸಿಕ್ಕಿಬಿದ್ದಿದ್ದ. ಫೋನಿನ ದನಿ ತನ್ನದಲ್ಲ ಎಂದು ಹಟ ಹಿಡಿದಿದ್ದ. ಯಂತ್ರದ ಜೊತೆಗೆ ಮನುಷ್ಯರ ಕಿವಿಯೂ ಸಾಕ್ಷಿಯಾಗಬೇಕೆಂದು ಅಧಿಕಾರಿ ಅವಳನ್ನು ಮತ್ತೆ ಕರೆಸಿದ. ಪರದೆಯ ಹಿಂದೆ ಆರು ಗಂಡಸರು ಸಾಲಾಗಿ ನಿಂತಿದ್ದರು. ಒಬ್ಬರಾದ ಮೇಲೆ ಒಬ್ಬರು ಅದೇ ಮಾತನ್ನು ಓದಿದರು. ‘ಅಕ್ಕಾ, ಹೆದರ್ಕೋಬೇಡಿ.’ ಆರು ಸಲ ಅವಳ ಎದೆಗೆ ಅದೇ ಮೊಳೆ ಹೊಡೆದಂತಾಯಿತು. ಐದನೆಯವನು ಬೇಕೆಂದೇ ದನಿ ದಪ್ಪ ಮಾಡಿಕೊಂಡಿದ್ದ. ಆದರೂ ‘ಅಕ್ಕಾ’ ಎಂಬಲ್ಲಿ ಫೋನಿನಲ್ಲಿ ಕೇಳಿದ್ದ ಆ ಎಳೆತ ಅವನ ಗುಟ್ಟು ಬಿಟ್ಟುಕೊಟ್ಟಿತು. ಇಪ್ಪತ್ತಾರು ವರ್ಷ ದನಿಯಿಂದಲೇ ಜನರನ್ನು ಗುರುತು ಹಿಡಿದವಳು.

“ಐದನೆಯವನು” ಎಂದಳು. “ಇನ್ನೊಂದ್ಸಲ ಓದಿಸೋದು ಬೇಡ.”

ಹೊರಗೆ ಓಣಿಯ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು, ತೊಡೆಯ ಮೇಲೆ ಮೊಹರು ಒತ್ತಿದ ಚೀಲ. ಸತ್ತ ಮಗಳ ವಸ್ತುಗಳನ್ನು ಸಹಿ ಹಾಕಿ ಪಡೆಯಲು ಬಂದವಳು. ಅಲ್ಲಿದ್ದ ಗುಮಾಸ್ತ, ಒಳ್ಳೆಯದಾಗಲೆಂದೇ, “ಅಮ್ಮಾ, ಇವರೇ ಆ ಆಪರೇಟರ್” ಎಂದುಬಿಟ್ಟ.

ಹೆಂಗಸು ಎದ್ದು ಬಂದು ಇವಳ ಎರಡೂ ಕೈ ಹಿಡಿದುಕೊಂಡಳು. “ನಾನೂರ ಹದಿನೇಳರಲ್ಲಿದ್ದವಳು ನನ್ನ ಮಗಳು. ನನಗೆ ಒಂದ್ಸಲ ಫೋನ್ ಮಾಡಿದ್ಲು. ‘ಕೆಳಗೆ ಒಬ್ರು ಅಕ್ಕ ಇದ್ದಾರಮ್ಮ, ಅವರ ದನಿ ಕೇಳಿದ್ರೆ ಧೈರ್ಯ’ ಅಂದ್ಲು. ನಿಮಗೆ ಪುಣ್ಯ ಬರ್ಲಿ.”

ಬಾಯಿಬಿಡಬೇಡಿ ಎಂಬ ಅಧಿಕಾರಿಯ ಮಾತು ನೆನಪಿತ್ತು. ಆದರೆ ಆ ಕೈಗಳ ಬಿಸಿಯನ್ನು ಕದ್ದು ಇಟ್ಟುಕೊಳ್ಳುವುದು ಅವಳಿಂದಾಗಲಿಲ್ಲ.

“ಅಮ್ಮಾ, ಬಾಗಿಲು ತೆಗಿ ಅಂತ ಹೇಳಿದ್ದು ನಾನೇ” ಎಂದಳು. ನಿಂತಲ್ಲೇ ಎಲ್ಲ ಹೇಳಿದಳು. ಅವನು ಅಕ್ಕಾ ಎಂದದ್ದು, ತಾನು ನಂಬಿದ್ದು, ನಂಬರು ಓದಿದ್ದು, ಮೂರು ಸಲ ತಟ್ಟುವುದು.

ಕೈಗಳು ಕಳಚಿಕೊಂಡವು. ಹೆಂಗಸು ಹಿಂದೆ ಹಿಂದೆ ಸರಿದು ಬೆಂಚಿಗೆ ಕುಸಿದಳು. ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. “ಹೋಗಿ. ನನ್ನ ಕಣ್ಣೆದುರು ನಿಲ್ಲಬೇಡಿ” ಎಂದಳು, ಅಷ್ಟೇ.

ವಿಚಾರಣೆ ಎರಡು ವರ್ಷ ನಡೆಯಿತು. ಅವಳು ಸಾಕ್ಷಿಯ ಕಟಕಟೆಯಲ್ಲಿ ನಿಂತಾಗ ಆರೋಪಿಯ ವಕೀಲರು, “ಹಾಗಾದ್ರೆ ನಂಬರ್ ಕೊಟ್ಟವರು ನೀವೇ ತಾನೆ?” ಎಂದು ಕೇಳಿದರು. “ನಾನೇ” ಎಂದಳು. ಹೊತ್ತು ಮೆರೆಸಿದ ಪತ್ರಿಕೆಗಳೇ ಮರುದಿನ ಅವಳನ್ನು ಎತ್ತಿ ಎಸೆದವು. ಬೀದಿಯಲ್ಲಿ ಕೆಲವರು ಅಯ್ಯೋ ಪಾಪ ಎಂದರು, ಕೆಲವರು ಅವಳನ್ನು ಕಂಡು ಪಕ್ಕದ ಓಣಿಗೆ ತಿರುಗಿದರು. ಹೋಟೆಲು ಮತ್ತೆ ತೆರೆಯಿತು, ಅವಳು ಹೋಗಲಿಲ್ಲ. ಐದನೆಯವನಿಗೆ ಜೀವ ಇರುವವರೆಗೆ ಜೈಲಾಯಿತು. ತೀರ್ಪು ಕೇಳಿ ಅವಳಿಗೆ ಹಗುರವೂ ಆಗಲಿಲ್ಲ, ಏನೂ ಆಗಲಿಲ್ಲ.

ಅದಾಗಿ ಒಂದು ವಾರಕ್ಕೆ, ಬೆಳಿಗ್ಗೆ ಹತ್ತರ ಹೊತ್ತಿಗೆ, ಆ ತಾಯಿ ಮನೆಯ ಬಾಗಿಲಲ್ಲಿ ನಿಂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗಂಡ ಕುರ್ಚಿ ಎಳೆದು ಕೊಟ್ಟ.

“ಕೂರೋಕೆ ಬಂದಿಲ್ಲ” ಎಂದಳು ಅವಳು. “ನಿಮ್ಮನ್ನ ಕ್ಷಮಿಸೋಕೂ ಬಂದಿಲ್ಲ, ಅದು ನನ್ನ ಕೈಲಾಗಲ್ಲ. ಕೋರ್ಟಲ್ಲಿ ಕೇಳಿದೆ, ಅವಳು ನಿಮಗೆ ಐದು ಸಲ ಫೋನ್ ಮಾಡಿದ್ಲಂತೆ. ನನಗೆ ಮಾಡಿದ್ದು ಒಂದೇ ಸಲ. ಆ ಐದು ಸಲ ಏನು ಮಾತಾಡಿದ್ಲು, ಹೇಳಿ.”

ಇವಳಿಗೆ ಒಂದೊಂದು ಅಕ್ಷರವೂ ಬಾಯಿಪಾಠವಾಗಿತ್ತು. ಹೊಸಿಲ ಈಚೆ ನಿಂತು ಹೇಳತೊಡಗಿದಳು. ಮೊದಲ ಸಲ ಬರೀ ಅತ್ತದ್ದು. ಎರಡನೇ ಸಲ, ಹೊಸ ಚಪ್ಪಲಿ ಕಚ್ಚಿ ಕಾಲಲ್ಲಿ ಬೊಬ್ಬೆ ಬಂದಿದೆ, ಓಡೋಕಾಗಲ್ಲ ಅಕ್ಕಾ ಎಂದದ್ದು. ಮೂರನೇ ಸಲ, ಸಂದರ್ಶನದ ಉತ್ತರಗಳನ್ನೆಲ್ಲ ಒಪ್ಪಿಸಿ ಸರಿಯಾ ಎಂದು ಕೇಳಿದ್ದು. ನಾಲ್ಕನೇ ಸಲ, ಅಮ್ಮನಿಗೆ ಫೋನ್ ಮಾಡಿದೆ, ಅಳಲಿಲ್ಲ ಅಂತ ಹೆಮ್ಮೆಪಟ್ಟದ್ದು. ಐದನೇ ಸಲ, ಬಾಯಾರಿಕೆ ಅಂದದ್ದು. ಕೊನೆಗೆ ಇವಳೇ ಕರೆ ಮಾಡಿ, ಬರ್ತಿದ್ದಾರೆ, ಮೂರು ಸಲ ತಟ್ಟಿದ್ರೆ ತೆಗಿಯಮ್ಮ ಎಂದಾಗ, “ನಿಜವಾಗ್ಲೂ ಅಕ್ಕಾ?” ಎಂದು ನಕ್ಕದ್ದು.

ಹೇಳಿ ಮುಗಿದಾಗ ದನಿ ಒಡೆದು ಚೂರಾಗಿತ್ತು. ತಾಯಿ ಬಾಗಿಲಿನ ಚೌಕಟ್ಟು ಹಿಡಿದು, ಕಣ್ಣು ಮುಚ್ಚಿ ನಿಂತಿದ್ದಳು.

“ಇನ್ನೊಂದ್ಸಲ ಹೇಳಿ” ಎಂದಳು. “ಮೊದಲಿಂದ.”

ಅವಳು ಮೊದಲಿಂದ ಹೇಳಿದಳು.