ತಲೆಕೆಳಗಿನ ಸೀಲು

ಜಿಯಾಯಿ ಊರಿನ ಸಂತೆಬೀದಿಯಲ್ಲಿ ಟರ್ಕಿ ಕೋಳಿಯ ಅನ್ನ ಮಾರುವ ಲಾನ್ ಅಜ್ಜಿಯ ಕಣ್ಣಿಗೆ ಮಣ್ಣೆರಚುವುದು ಸುಲಭದ ಮಾತಲ್ಲ. ಓದು ಬರಹ ಬಾರದು, ಅದು ಬೇರೆ ಸಂಗತಿ. ಮೂರನೇ ಕ್ಲಾಸಿನ ಮೊಮ್ಮಗಳು ಪಿನ್‌ಯೂ ಒಬ್ಬಳನ್ನು ಬಿಟ್ಟರೆ ಆ ಗುಟ್ಟು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಲು ಅಜ್ಜಿ ಬಿಡುತ್ತಲೂ ಇರಲಿಲ್ಲ.

ಮಗ, ಸೊಸೆ ಇಬ್ಬರೂ ದೂರದ ತಾವ್‌ಯುವಾನಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಹಾಗಾಗಿ ಹುಡುಗಿಯ ಹೋಂವರ್ಕು ಅಜ್ಜಿಯ ಪಾಲಿಗೆ ಬಂದಿತ್ತು. ದಿನಾ ಸಂಜೆ ಪಿನ್‌ಯೂ ಪಾಠ ಜೋರಾಗಿ ಓದಬೇಕು, ಅಜ್ಜಿ ಮರುದಿನಕ್ಕೆ ಸಣ್ಣ ಈರುಳ್ಳಿ ಸುಲಿಯುತ್ತ ಕೇಳಬೇಕು. ಒಂದು ಸಾಲು ಹಾರಿಸಿದರೂ ಹುಡುಗಿ ಸಿಕ್ಕಿಬೀಳುತ್ತಿದ್ದಳು.

"ನಿಲ್ಲಿಸೇ! ನಿನ್ನೆ ಇಲ್ಲೊಂದು ಬಾತುಕೋಳಿ ಇತ್ತಲ್ಲ, ಇವತ್ತೆಲ್ಲಿ ಹೋಯ್ತು?"

"ಅಯ್ಯೋ, ಕಣ್ಣು ತಪ್ತು ಅಜ್ಜಿ."

"ನಿನ್ನ ಕಣ್ಣು ತಪ್ಪುತ್ತೆ, ನನ್ನ ಕಿವಿ ತಪ್ಪಲ್ಲ. ಮೊದಲಿಂದ ಓದು."

ಎಲ್ಲ ಮುಗಿದ ಮೇಲೆ ಶಾಲೆಯ ಸಂಪರ್ಕ ಪುಸ್ತಕದಲ್ಲಿ ಮನೆಯವರು ಸಹಿ ಮಾಡುವ ಜಾಗಕ್ಕೆ, ಏಪ್ರನ್ ಜೇಬಿನಿಂದ ಆ ಕಡೆ ಎಲ್ಲರೂ ಸಹಿಯ ಬದಲು ಬಳಸುವಂಥ, ತನ್ನ ಹೆಸರು ಕೆತ್ತಿದ ಸೀಲು ತೆಗೆದು ಠಪ್ಪೆಂದು ಒತ್ತುತ್ತಿದ್ದಳು.

ಅವತ್ತು ಆ ಪುಸ್ತಕದಲ್ಲಿ ಟೀಚರ್ ಕೆಂಪು ಶಾಯಿಯಲ್ಲಿ ಐದು ಸಾಲು ಬರೆದಿದ್ದರು.

"ಏನಂತೆ?"

"ಚೆನ್ನಾಗಿದೆ ಅಂತೆ."

"ಐದು ಸಾಲು ಗೀಚಿ ಬರೀ ಚೆನ್ನಾಗಿದೆ ಅಂತಾನಾ? ನನ್ನ ಕಿವಿ ಮೇಲೆ ಹೂ ಇಡ್ತೀಯಾ? ಸರಿಯಾಗಿ ಓದು."

ಪಿನ್‌ಯೂ ಗಳಗಳನೆ ಅತ್ತುಬಿಟ್ಟಳು. ಈ ತಿಂಗಳು ಹನ್ನೊಂದು ದಿನ ಸೀಲು ತಲೆಕೆಳಗಾಗಿ ಬಿದ್ದಿದೆಯಂತೆ. ದೊಡ್ಡವರು ಯಾರೂ ತಮ್ಮ ಹೆಸರನ್ನೇ ತಲೆಕೆಳಗು ಮಾಡಿ ಒತ್ತುವುದಿಲ್ಲ, ಇವಳೇ ಹೋಂವರ್ಕ್ ತೋರಿಸದೆ ಕದ್ದು ಒತ್ತಿಕೊಂಡಿದ್ದಾಳೆ, ಕೇಳಿದರೆ ಹೌದೆಂದು ಒಪ್ಪಿಯೂ ಇದ್ದಾಳೆ. ಆದ್ದರಿಂದ ಶುಕ್ರವಾರದ ಓದುವ ಸ್ಪರ್ಧೆಗೆ ಕ್ಲಾಸಿನ ಪರವಾಗಿ ಬೇರೆ ಮಗುವನ್ನು ಕಳಿಸುತ್ತಾರಂತೆ. ಎರಡು ತಿಂಗಳಿಂದ ಹುಡುಗಿ ಆ ಸ್ಪರ್ಧೆಯ ಕನಸಿನಲ್ಲೇ ಇದ್ದಳು.

"ತಲೆಕೆಳಗಿದೆ ಅಂತ ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಬೇಜಾರಾಗುತ್ತೆ ಅಂತ."

"ಮಾಡದ ತಪ್ಪು ಯಾಕೆ ಒಪ್ಕೊಂಡೆ, ಹುಚ್ಚಿ?"

"ಇಲ್ಲಾಂದ್ರೆ ನಿಂಗೆ ಓದೋಕೆ ಬರಲ್ಲ ಅಂತ ಎಲ್ರಿಗೂ ಗೊತ್ತಾಗ್ತಿತ್ತು."

ಅಜ್ಜಿ ಈರುಳ್ಳಿ ಬುಟ್ಟಿ ಪಕ್ಕಕ್ಕೆ ಸರಿಸಿದಳು. ಇಷ್ಟು ವರ್ಷ ತಾನು ಮುಚ್ಚಿಟ್ಟ ನಾಚಿಕೆಯನ್ನು ಈ ಕೂಸು ತಲೆಯ ಮೇಲೆ ಹೊತ್ತುಕೊಂಡಿತ್ತು. ಥೂ, ಇಂಥ ಮಾನ ಯಾರಿಗೆ ಬೇಕು! ಹುಡುಗಿಯ ಮೂಗು ಒರೆಸಿ, ಅವತ್ತಿನ ಓದನ್ನೂ ಬಿಡದೆ ಕೇಳಿ, ಸೀಲು ಒತ್ತಿದಳು.

ಮರುದಿನ ಬೆಳಿಗ್ಗೆ ಗಿರಾಕಿಗಳು ಬರುವ ಹೊತ್ತಿಗೇ ಅಂಗಡಿ ಬಾಗಿಲೆಳೆದು, ಏಪ್ರನ್ನೂ ಬಿಚ್ಚದೆ, ನೇರ ಮೂರನೇ ಕ್ಲಾಸಿಗೆ ನುಗ್ಗಿದಳು. ಪಾನ್ ಟೀಚರ್ ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗದ ಹುಡುಗಿ, ಗಾಬರಿಯಿಂದ ಎದ್ದು ನಿಂತರು.

"ಸೀಲು ಒತ್ತಿದ್ದು ನಾನಮ್ಮ. ಅದರ ತಲೆ ಯಾವುದು ಕಾಲು ಯಾವುದು ನಂಗೆ ಗೊತ್ತಿಲ್ಲ. ನಂಗೆ ಅಕ್ಷರ ಬರಲ್ಲ."

ಇಡೀ ಕ್ಲಾಸು ಕೇಳುವಷ್ಟು ಜೋರಾಗಿಯೇ ಹೇಳಿದಳು.

ಟೀಚರ್ ಮುಖ ಕೆಂಪಾಯಿತು. "ಮತ್ತೆ ಹೋಂವರ್ಕ್ ಹೇಗೆ ನೋಡ್ತಿದ್ರಿ ಅಜ್ಜಿ?"

"ನೋಡಲ್ಲ, ಕೇಳ್ತೀನಿ. ಪುಸ್ತಕ ತೆಗೀರಿ, ಆರನೇ ಪಾಠ."

ಕೈಕಟ್ಟಿ ನಿಂತು ಅಜ್ಜಿ ಶುರುಮಾಡಿದಳು. ಉಚ್ಚಾರಣೆಯೆಲ್ಲ ಸಂತೆಬೀದಿಯದು, ಆದರೆ ಬಿದಿರಿನ ತೆಪ್ಪ, ಅದರ ಅಂಬಿಗ, ಹಿಂದೆ ಈಜಿಬರುವ ಬಾತುಕೋಳಿ, ಯಾವುದನ್ನೂ ಬಿಡಲಿಲ್ಲ. ಸಾಲಿನ ಮೇಲೆ ಬೆರಳೋಡಿಸುತ್ತಿದ್ದ ಟೀಚರ್ ಕೊನೆಯ ಪುಟದಲ್ಲಿ ಬೆರಳೆತ್ತಿದರು.

"ಒಂದು ಪದವೂ ತಪ್ಪಿಲ್ಲ," ಎಂದರು.

"ಐದನೆಯದೂ ಹೇಳ್ಲಾ?"

ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು. ಟೀಚರ್ ಪಿನ್‌ಯೂ ಹತ್ತಿರ ಬಂದರು. "ತಪ್ಪು ನಂದು ಪುಟ್ಟಿ. ಶುಕ್ರವಾರ ನೀನೇ ಓದ್ಬೇಕು."

ಸಂಜೆ ಪಿನ್‌ಯೂ ಬೀದಿಯ ತುದಿಯಿಂದಲೇ ಓಡಿಬಂದು ಸಂಪರ್ಕ ಪುಸ್ತಕ ಬಿಡಿಸಿ ಹಿಡಿದಳು. ಅಜ್ಜಿ ಹಿಂದಿನ ದಿನ ಒತ್ತಿದ ಸೀಲಿನ ಪಕ್ಕದಲ್ಲೇ ಟೀಚರ್ ಸೀಲೂ ಇತ್ತು.

"ನೋಡಜ್ಜಿ! ನಿನ್ನೆ ನಿಂದು ತಲೆಕೆಳಗಿತ್ತು. ಟೀಚರ್ದೂ ತಲೆಕೆಳಗೇ!"

ಅಜ್ಜಿ ಎರಡು ಕೆಂಪು ಸೀಲುಗಳನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಈರುಳ್ಳಿ ಬುಟ್ಟಿ ಹತ್ತಿರಕ್ಕೆಳೆದುಕೊಂಡು ಕೂತಳು.

"ಪಾಪ, ಇನ್ನೂ ಚಿಕ್ಕ ಹುಡುಗಿ. ಕಲೀತಾಳೆ ಬಿಡು. ಎಲ್ಲಿ, ನೀನು ಏಳನೇ ಪಾಠ ಓದು."