ಎರಡು ಕುರ್ಚಿಗಳ ನಡುವೆ

“ನಿನಗ ಯಾವದು ಬೇಕು ಹೇಳು,” ಎಂದ ಶಿವಪುತ್ರಪ್ಪ, ಇನ್ನೊಮ್ಮೆ.

“ನಿಮಗ ಬೇಕಾದ್ದು ತಗೋರಿ,” ಎಂದಳು ಅವನ ಹೆಂಡತಿ ಕಾಶವ್ವ, ಇನ್ನೊಮ್ಮೆ.

ಅಂಗಡಿಯ ಮಾಲಿಕ ಅವಧೂತರಾಯರು ಇಬ್ಬರ ಮುಖವನ್ನೂ ನೋಡಿ ನಕ್ಕರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಸಂಸಾರದ ಭಾಷೆ ಬರುತ್ತಿತ್ತು. ಪುಣೆಯ ಲಷ್ಕರ ಭಾಗದಲ್ಲಿ ಆ ವರ್ಷ ಬಂಗಲೆಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಗೋರಾ ಸಾಹೇಬರು ಹಡಗು ಹತ್ತುತ್ತಿದ್ದರು, ಅವರ ಕಪಾಟು ಕನ್ನಡಿಗಳು ಅವಧೂತರಾಯರ ಅಂಗಡಿ ಸೇರುತ್ತಿದ್ದವು. ಊರಿಗೆ ಊರೇ ಸ್ವರಾಜ್ಯದ ಮಾತಾಡುತ್ತಿರುವಾಗ ಶಿವಪುತ್ರಪ್ಪ ಒಂದು ಪುಟ್ಟ ಮೇಜಿನ ಬೆನ್ನು ಹತ್ತಿದ್ದ. ಅದಕ್ಕೆ ಅವನಿಗೆ ನಾಚಿಕೆಯೂ ಇತ್ತು. ಆದರೆ ಇವತ್ತು ಬರಿಗೈಯಲ್ಲಿ ಮನೆಗೆ ಹೋಗುವ ಆಸಾಮಿ ಅವನಲ್ಲ.

ಮೇಜು ಬರೆಯಲಿಕ್ಕಲ್ಲ, ಉಣ್ಣಲಿಕ್ಕೂ ಅಲ್ಲ. ಎರಡು ಕುರ್ಚಿಗಳ ನಡುವೆ ಇಡಲಿಕ್ಕೆ. ಕುರ್ಚಿಗಳು ನಾನಾ ಪೇಠೆಯ ಮನೆಗೆ ಆಗಲೇ ಬಂದಿದ್ದವು. ಒಂದರಲ್ಲಿ ಅವನು ಕೂಡುತ್ತಿದ್ದ. ಇನ್ನೊಂದನ್ನು ಕಾಶವ್ವ ದಿನಾ ಒರೆಸುತ್ತಿದ್ದಳು.

ಇದೆಲ್ಲಕ್ಕೂ ಮೂಲ ಲೋಕನಾಥ. ಕಚೇರಿಯಲ್ಲಿ ಶಿವಪುತ್ರಪ್ಪನ ಪಕ್ಕದಲ್ಲೇ ಕೂಡುವ ಈ ಗೆಳೆಯ ಒಂದು ಸಂಜೆ ಅವನನ್ನು ಚಹಕ್ಕೆ ಕರೆದಿದ್ದ. ಅಲ್ಲಿ ಗಂಡಹೆಂಡಿರ ಕುರ್ಚಿಗಳ ನಡುವೆ ಒಂದು ಸಣ್ಣ ಮೇಜು, ಅದರ ಮೇಲೆ ಕಪ್ಪುಗಳು. ಮಾತಿನ ಭರದಲ್ಲಿ ಲೋಕನಾಥ ಏನೋ ಹೇಳಿದ. ಅವನ ಹೆಂಡತಿ ಪ್ರಫುಲ್ಲಾ, “ಛೇ, ಅದು ಹಾಗಲ್ಲವೇ ಅಲ್ಲ,” ಎಂದು ಕಪ್ಪನ್ನು ಟಕ್ಕನೆ ಮೇಜಿನ ಮೇಲಿಟ್ಟಳು. ಲೋಕನಾಥ ನಕ್ಕು ಸೋತ. ನೋಡುತ್ತಿದ್ದ ಶಿವಪುತ್ರಪ್ಪನ ಹೊಟ್ಟೆಯಲ್ಲಿ ಕಿಚ್ಚು ಬಿತ್ತು.

ಕಾಶವ್ವ ಮದುವೆಯಾದಾಗಿನಿಂದ ಅಥಣಿಯಲ್ಲಿ ಅತ್ತೆಯ ಹತ್ತಿರ ಇದ್ದವಳು. ಅತ್ತೆ ತೀರಿಕೊಂಡ ಮೇಲೆ ಪುಣೆಗೆ ಬಂದಳು. ಬಂದಾಗಿನಿಂದ ಅವಳ ಬಾಯಲ್ಲಿ ‘ಹೌದ್ರಿ’, ‘ಆತ್ರಿ’ ಎಂಬೆರಡೇ ಮಾತು. ಹೆಂಡತಿ ಹೌದೆನ್ನುತ್ತಾಳೆಂದು ಕೊರಗುವ ಗಂಡಸು ಮೂರು ಲೋಕದಲ್ಲಿ ತಾನೊಬ್ಬನೇ ಇರಬೇಕು ಎಂದು ಅವನಿಗೇ ನಗು ಬರುತ್ತಿತ್ತು. ಕೊರಗು ಮಾತ್ರ ನಿಜವಾಗಿತ್ತು. ಆ ಮನೆಯಲ್ಲಿ ತನ್ನ ದನಿಯೊಂದನ್ನೇ ಕೇಳಿ ಕೇಳಿ ಅವನಿಗೆ ಹೆದರಿಕೆ ಹುಟ್ಟಿತ್ತು.

ಮೇಜು ಬಂದರೆ ಕೂಡುತ್ತಾಳೆ. ಕೂತರೆ ಮಾತಾಡುತ್ತಾಳೆ. ಬಿ.ಎ. ಮಾಡಿದವನ ತರ್ಕ, ಎಲ್ಲೂ ಸೋರುವ ಹಾಗಿರಲಿಲ್ಲ.

“ಇದು ನೋಡಿ ಸಾಹೇಬ, ಮುಂಬಯಿಯ ಹೊಸ ಮಾಲು,” ಎಂದು ಅವಧೂತರಾಯರು ಮರಾಠಿಯಲ್ಲಿ ಹೇಳಿದರು. ಬಾಗಿಸಿದ ಉಕ್ಕಿನ ಕೊಳವೆಗಳೇ ಕಾಲುಗಳು, ಅವುಗಳ ಮೇಲೆ ಒಂದು ದುಂಡನೆಯ ಗಾಜು.

“ಹಳೇದು ಏನಾದರೂ ಇದೆಯೇ?” ಶಿವಪುತ್ರಪ್ಪನೂ ಮರಾಠಿಯಲ್ಲೇ ಕೇಳಿದ. ಹಳೆಯ ಸಾಮಾನಿಗೆ ಬೆಲೆ ಕೊಡುವುದು ದೊಡ್ಡ ಮನೆತನದ ಲಕ್ಷಣವೆಂದು ಎಲ್ಲೋ ಓದಿದ್ದ.

ರಾಯರು ಮೂಲೆಯಿಂದ ಮೂರು ಕಾಲಿನ ಒಂದು ಕರಿಮರದ ಮೇಜನ್ನು ಎತ್ತಿ ತಂದರು. ಅಂಚಿನ ತುಂಬ ಬಳ್ಳಿಯ ಕೆತ್ತನೆ. “ಒಬ್ಬ ಕ್ಯಾಪ್ಟನ್ ಸಾಹೇಬರದು. ಕುರ್ಚಿಯ ಬದಿಗೆ ಇಟ್ಟುಕೊಂಡು ವಿಸ್ಕಿ ಕುಡಿಯುತ್ತಿದ್ದರು. ಅಸಲು ವಿಲಾಯತಿ.”

ಶಿವಪುತ್ರಪ್ಪ ಬಗ್ಗಿ ನೋಡಿದ, ಬೆರಳಿನಿಂದ ತಟ್ಟಿದ, ಕಣ್ಣು ಕಿರಿದು ಮಾಡಿದ. “ವಿಲಾಯತಿ ಕೆಲಸದ ಗತ್ತೇ ಬೇರೆ,” ಎಂದು ಬಲ್ಲವನ ಹಾಗೆ ತಲೆದೂಗಿದ. ಇದೇ ಆಗಬೇಕು ಎಂದು ಅವನ ಮನಸ್ಸು ಗಟ್ಟಿಯಾಯಿತು.

ಬಾಗಿಲ ಹತ್ತಿರ ನಿಂತಿದ್ದ ಕಾಶವ್ವ ಆಗ ಒಳಗೆ ಬಂದಳು. ಯಾರನ್ನೂ ಕೇಳದೆ ಮೇಜನ್ನು ಬೋರಲು ಹಾಕಿದಳು. ಕಾಲುಗಳ ಉದ್ದಕ್ಕೂ ಬೆರಳಾಡಿಸಿದಳು.

“ಇದು ಅಡ್ಡಣಿಗಿ ರೀ,” ಎಂದಳು.

“ಏನಂದಿ?”

“ನಮ್ಮ ಅಡ್ಡಣಿಗಿ. ತಾಟು ಇಟಗೊಂಡು ಉಣ್ಣೂದು. ಯಾರೋ ಕಾಲು ಉದ್ದ ಮಾಡ್ಯಾರ. ಇಲ್ಲಿ ನೋಡ್ರಿ, ಇಲ್ಲಿತನಾ ಹಳೇ ಕಟಗಿ. ಇಲ್ಲಿಂದ ಬ್ಯಾರೇನ ಕಟಗಿ.”

ನೋಡಿದ. ಹೌದು. ಗಿಡ್ಡ ಕಾಲುಗಳಿಗೆ ಯಾರೋ ಜಾಣ ಬಡಗಿ ಉದ್ದ ತುಂಡುಗಳನ್ನು ಕೂಡಿಸಿ ಬಣ್ಣ ಬಳಿದಿದ್ದ. ಅಥಣಿಯ ಮನೆಯಲ್ಲಿ ಉಣ್ಣುವ ಗಂಡಸರ ಮುಂದೆಲ್ಲ ಇಂಥದೊಂದು ಇರುತ್ತಿತ್ತು. ಮಠದ ಅಯ್ಯನವರು ಪ್ರಸಾದಕ್ಕೆ ಬಂದಾಗ ಅವರಿಗೆ ಎಲ್ಲಕ್ಕಿಂತ ಚೆಂದದ್ದು. ಬುದ್ಧಿ ತಿಳಿದಾಗಿನಿಂದ ತಾಟಿಟ್ಟು ಉಂಡ ಅಡ್ಡಣಿಗೆಯ ಗುರುತು ಅವನಿಗೆ ಹತ್ತಿರಲಿಲ್ಲ.

“ಹಂಗಾರ ಇದು ವಿಲಾಯತಿ ಅಲ್ಲ?”

“ಅಲ್ಲರೀ, ಅಲ್ಲೇ ಅಲ್ಲ!” ಕಾಶವ್ವನ ಮುಖ ಅರಳಿತ್ತು. “ಇದನ್ನ ತಗೋರಿ. ಕಾಲು ಕೊಯ್ಸಿದ್ರಾತು, ಮೊದಲಿನಂಗ ಆಗತದ. ಆ ಗಾಜಿಂದು ಬ್ಯಾಡ. ನನಗ ಅದು ಒಟ್ಟ ಸೇರಂಗಿಲ್ಲ ನೋಡ್ರಿ.”

ಇಷ್ಟುದ್ದದ ಮಾತನ್ನು ಅವಳ ಬಾಯಿಂದ ಅವನು ಕೇಳಿರಲಿಲ್ಲ. ಈಗಲೂ ಅದು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಒಳಗೆ ಬೇರೆಯೇ ಉರಿ ಎದ್ದಿತ್ತು. ಅವಧೂತರಾಯರು, “ಬಾಯಿಸಾಹೇಬರು ಏನಂತಾರೆ?” ಎಂದು ಕೇಳುತ್ತಿದ್ದರು. ಈಗಷ್ಟೇ ಇದೇ ಮನುಷ್ಯನ ಮುಂದೆ ವಿಲಾಯತಿ ಗತ್ತಿಗೆ ತಲೆದೂಗಿದ್ದಾಗಿತ್ತು. ಅದು ನಮ್ಮ ಅಡುಗೆಮನೆಯ ಸಾಮಾನು ಎಂದು ಯಾವ ಬಾಯಲ್ಲಿ ಹೇಳುವುದು?

“ಏನಿಲ್ಲ. ಗಾಜಿನದು ಕಟ್ಟಿ ಕೊಡಿ,” ಎಂದ.

ಕಾಶವ್ವ ಅಡ್ಡಣಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಸೆರಗಿನಿಂದ ಅದರ ಧೂಳು ಒರೆಸಿ ಸರಿದು ನಿಂತಳು.

“ಆತ್ರಿ,” ಎಂದಳು.

ಟಾಂಗಾ ಗಾಡಿ ರಾಸ್ತಾ ಪೇಠೆಯನ್ನು ದಾಟುವಾಗ, ತೊಡೆಯ ಮೇಲೆ ಮೇಜು ಹಿಡಿದು ಕೂತಿದ್ದ ಶಿವಪುತ್ರಪ್ಪನಿಗೆ ಆ ಮಾತು ತಡವಾಗಿ ಬಂದು ತಲುಪಿತು. ಅಲ್ಲೇ ಅಲ್ಲ ಅಂದಳಲ್ಲವೇ? ಸೇರಂಗಿಲ್ಲ ಅಂದಳು. ಪರಊರಿನ ಅಂಗಡಿಯಲ್ಲಿ, ಪರಗಂಡಸಿನ ಎದುರು, ಗಂಡನಿಗೆ ಅಲ್ಲ ಅಂದಳು. ಇಷ್ಟು ದಿನ ಬೇಡಿದ್ದು ಇದನ್ನೇ. ಅದು ತಾನಾಗಿ ಬಾಗಿಲಿಗೆ ಬಂದಾಗ ಅವನು ಕದ ಹಾಕಿದ್ದ.

ಅವನಿಗೆ ಅಳು ಬರುವಷ್ಟು ಕೆಟ್ಟದೆನಿಸಿತು. ಟಾಂಗಾ ತಿರುಗಿಸು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ತಿರುಗಿ ಹೋದರೆ ರಾಯರು ನಗುತ್ತಾರೆ. ಅದೂ ಅಲ್ಲದೆ, ಹಿಡಿದ ಕೆಲಸವನ್ನು ನಡುವೆ ಬಿಟ್ಟರೆ ತಾನು ಶಿವಪುತ್ರಪ್ಪನೇ ಅಲ್ಲ.

“ಆ ಅಡ್ಡಣಿಗಿ ಛಲೋ ಇತ್ತು,” ಎಂದ.

“ಹೌದ್ರಿ.”

“ಗಾಜಿಂದೂ ಛಲೋ ಅದ.”

“ಹೌದ್ರಿ.”

ಮನೆಯಲ್ಲಿ ಅವನೇ ಕುರ್ಚಿಗಳನ್ನು ಎಳೆದು ಎದುರುಬದುರು ಹಾಕಿದ. ನಡುವೆ ಮೇಜು ನಿಲ್ಲಿಸಿದ. ಎರಡು ಕಪ್ಪು ಚಹ ತರಲು ಹೇಳಿದ. ಅವಳು ತಂದಳು; ಅವನದನ್ನು ಅವನ ಕೈಗೆ ಕೊಟ್ಟಳು, ತನ್ನದನ್ನು ನೆಲದ ಮೇಲಿಟ್ಟಳು.

“ಕೂಡು.”

“ರೊಟ್ಟಿಗೆ ಹಿಟ್ಟು ನಾದಬೇಕ್ರಿ.”

“ಕೂಡು ಅಂದ್ನೆಲ್ಲ.”

ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಪಾದಗಳು ನೆಲಕ್ಕೆ ಪೂರ್ತಿ ಊರಿರಲಿಲ್ಲ. ಹೊರಗೆ ಯಾರೋ ತರಕಾರಿ ಕೂಗಿಕೊಂಡು ಹೋದರು.

“ಕೂತೀನ್ರಿ,” ಎಂದಳು ಕಾಶವ್ವ. “ಇನ್ನೆಷ್ಟೊತ್ತು?”

ಅವನು ಕಪ್ಪು ಹಿಡಿದೇ ಎದುರಿನ ಕುರ್ಚಿಯಲ್ಲಿ ಕೂತ. “ಏನರ ಮಾತಾಡು.”

“ಏನ ಮಾತಾಡ್ಲಿ ಹೇಳ್ರಿ. ಹಂಗ ಮಾತಾಡತೀನಿ.”

“ಅಂಗಡ್ಯಾಗ ಮಾತಾಡಿದ್ಯಲ್ಲ, ಹಂಗ.”

“ತಪ್ಪಾತ್ರಿ. ಮತ್ತ ಮಾತಾಡಂಗಿಲ್ಲ.”

ತಪ್ಪು ನಿನ್ನದಲ್ಲ ಎನ್ನಬೇಕಿತ್ತು. ಅಷ್ಟು ಸಣ್ಣ ಮಾತು ಹೊರಗೆ ಬರಲಿಲ್ಲ. ಬಂದದ್ದು ಬೇರೆ: “ನಿನ್ನ ಕಪ್ಪು ಮ್ಯಾಲ ಇಡು. ಅದಕ್ಕ ತಂದದ್ದು ಇದು.”

“ಗಾಜ ಅದ ರೀ. ಒಡದೀತು.”

“ಒಡ್ಯಂಗಿಲ್ಲ. ನೋಡು.”

ಅವನು ತನ್ನ ಕಪ್ಪನ್ನು ಕೆಳಗಿಳಿಸಿದ. ಅದು ಗಾಜನ್ನು ಮುಟ್ಟುವ ಮೊದಲೇ ಕಾಶವ್ವ ಬಾಗಿ, ಮೇಜಿನ ಅಡಿಗೆ ಕೈ ಚಾಚಿ, ಅಂಗೈಯನ್ನು ಗಾಜಿಗೆ ಒತ್ತಿ ಆನಿಸಿ ಹಿಡಿದಳು. ಗಾಜಿನ ಕೆಳಗೆ ಆ ಕೈ ಸ್ಪಷ್ಟವಾಗಿ ಕಾಣುತ್ತಿತ್ತು: ಒತ್ತಿ ಬಿಳಿಚಿದ ಐದು ಬೆರಳು, ಹಸಿರು ಬಳೆ, ಒಲೆಯಲ್ಲಿ ಸುಟ್ಟ ಹಳೆಯ ಕಲೆ.

“ಕೈ ತಗಿ,” ಎಂದ.

“ಇರಲಿ ಕುಡೀರಿ. ನಾ ಹಿಡಕೊಂಡೀನಿ.”

ಅವನು ಕಪ್ಪು ಎತ್ತಿ ಕುಡಿದ. ಒಂದೇ ಗುಟುಕಿಗೆ ಚಹ ಮುಗಿಯಿತು. ಖಾಲಿ ಕಪ್ಪನ್ನು ಇನ್ನು ಇಡಬೇಕು. ಅವನ ಕೈ ಗಾಳಿಯಲ್ಲೇ ನಿಂತಿತ್ತು. ಅದರ ನೇರ ಕೆಳಗೆ, ಗಾಜಿನ ಆಚೆ, ಅವಳ ಅಂಗೈ ಭಾರಕ್ಕಾಗಿ ಕಾಯುತ್ತಿತ್ತು.