ಮೊದಲಿನದಾ, ಇದಾ?

ಅವನು ಯಾವ ಪ್ರಶ್ನೆಯನ್ನೂ ಒಂಟಿಯಾಗಿ ಕೇಳಿದವನಲ್ಲ. ಛತ್ರಿ ಕೊಳ್ಳುವಾಗ, ಬಾಡಿಗೆಮನೆ ನೋಡುವಾಗ, ಕಡೆಗೆ ಮಗಳಿಗೆ ಹೆಸರು ಹುಡುಕುವಾಗಲೂ ಎರಡನ್ನು ಅಕ್ಕಪಕ್ಕ ಇಟ್ಟು, ತಲೆಯನ್ನು ಒಂದು ಕಡೆ ವಾಲಿಸಿ, "ಮೊದಲಿನದಾ, ಇದಾ?" ಎನ್ನುತ್ತಿದ್ದ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವನ ಕೆಲಸ. ಹಿಂದಿನ ಕತ್ತಲೆ ಕೋಣೆಯಲ್ಲಿ ಗಿರಾಕಿಯ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಒಂದು ಗಾಜು ತೆಗೆದು ಇನ್ನೊಂದು ಹಾಕಿ, ಮತ್ತೆ ಮೊದಲಿನದನ್ನೇ ಹಾಕಿ, ದಿನವಿಡೀ ಇದನ್ನೇ ಕೇಳುತ್ತಿದ್ದವನ ಬಾಯಿಂದ ಆ ಮಾತು ಸಂಜೆ ಅವನ ಜೊತೆಗೇ ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಒಳಗೆ ಸೇರಿಕೊಳ್ಳುತ್ತಿತ್ತು. ಮದುವೆಯ ಹೊಸತರಲ್ಲಿ ಹೆಂಡತಿ, ನನ್ನನ್ನೂ ಹೀಗೇ ಇನ್ನೊಬ್ಬಳ ಪಕ್ಕ ಇಟ್ಟು ನೋಡಿದಿರಾ ಎಂದು ಕೆಣಕಿದ್ದಳು. ಅವನು ನಿಜಕ್ಕೂ ಯೋಚಿಸಿ, "ಇಲ್ಲ, ಹೋಲಿಸೋಕೆ ಇನ್ನೊಂದು ಸಿಗಲಿಲ್ಲ" ಅಂದಿದ್ದ. ಆ ಮಾತನ್ನು ಹೊಗಳಿಕೆ ಎಂದುಕೊಳ್ಳುವುದೋ ಏನೆಂದುಕೊಳ್ಳುವುದೋ ಅವಳಿಗೆ ಇನ್ನೂ ಬಗೆಹರಿದಿಲ್ಲ.

ಅವನ ಬದುಕನ್ನು ಹಿಡಿದಿಟ್ಟವನು ಒಬ್ಬ ರಾಕ್ ಹಾಡುಗಾರ. ಈಗ ಮುದುಕನಾಗಿ, ಧ್ವನಿ ಬಿರಿದು, ಆದರೂ ಗಿಟಾರನ್ನು ಕೊರಳಿನಿಂದ ಇಳಿಸಲು ಒಪ್ಪದ ಗಟ್ಟಿ ಆಸಾಮಿ. ಹೊಸದಾಗಿ ಹಾಡು ಕಟ್ಟುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ಆದರೆ ಅವನ ಹಳೆಯ ಎಲ್‌ಪಿಗಳು ಮಾತ್ರ ಪ್ರತಿ ವರ್ಷ ಹೊಸ ಜನ್ಮ ಎತ್ತುತ್ತಿದ್ದವು. ಮೂಲ ಟೇಪಿನ ಸದ್ದನ್ನು ಮತ್ತೆ ತೊಳೆದು ತೆಗೆದ ಆವೃತ್ತಿ, ಇಪ್ಪತ್ತೈದನೆಯ ವರ್ಷದ ಆವೃತ್ತಿ, ಬಿಟ್ಟುಹೋದ ತುಣುಕುಗಳನ್ನು ಸೇರಿಸಿದ ಆವೃತ್ತಿ, ಆಮೇಲೆ ಇವೆಲ್ಲವನ್ನೂ ಒಂದೇ ದಪ್ಪ ಪೆಟ್ಟಿಗೆಯಲ್ಲಿಟ್ಟು ಫೋಟೋ ಪುಸ್ತಕದ ಜೊತೆ ಮಾರುವ ಡಿಲಕ್ಸ್ ಆವೃತ್ತಿ. ಪ್ರತಿಯೊಂದನ್ನೂ ಕನ್ನಡಕದ ಅಂಗಡಿಯ ಈ ಅಭಿಮಾನಿ ಎರಡೆರಡು ಕೊಳ್ಳುತ್ತಿದ್ದ, ಒಂದು ತೆರೆಯಲು, ಇನ್ನೊಂದು ಎಂದೆಂದಿಗೂ ತೆರೆಯದಿರಲು. ರೆಕಾರ್ಡ್ ಅಂಗಡಿಯವನು ಅವನಿಗೆ 'ಜೋಡಿ' ಎಂದೇ ಹೆಸರಿಟ್ಟಿದ್ದ. "ಜೋಡಿ ಬಂದ್ರು, ಜೋಡಿ ಬಂದ್ರು" ಎಂದು ಬಾಗಿಲಲ್ಲೇ ಸ್ವಾಗತಿಸುತ್ತಿದ್ದ. ಒಮ್ಮೆ ಹೆಂಡತಿಯೂ ಜೊತೆಗೆ ಹೋದಾಗ ಅದು ತನ್ನನ್ನೂ ಸೇರಿಸಿ ಹೇಳಿದ ಮಾತೆಂದು ತಿಳಿದು ಅವಳು ನಕ್ಕಳು. ಅಂಗಡಿಯವನು ಪೆಚ್ಚಾದ.

ನಡೆಯುವಾಗ ಅವನ ಎಡ ಮೊಣಕೈ ಮೈಯಿಂದ ಒಂದು ಗೇಣು ದೂರ ಇರುತ್ತಿತ್ತು. ಕಂಕುಳಲ್ಲಿ ಎಲ್‌ಪಿ ಹಿಡಿದು ಹಿಡಿದು ಬಂದ ಭಂಗಿ ಅದು. ಕೈ ಖಾಲಿಯಿದ್ದಾಗಲೂ ಕಾಣದ ಚೌಕವೊಂದನ್ನು ಜನಜಂಗುಳಿಯಿಂದ ಕಾಪಾಡುತ್ತ, ಭುಜ ಮುಂದೆ ಮಾಡಿ, ಓರೆಯಾಗಿ ಬೀದಿ ದಾಟುತ್ತಿದ್ದ. ಮೇಲೊಂದು ಕಂದು ಬಣ್ಣದ ಕೋಟು, ಮೂರನೆಯ ಎಲ್‌ಪಿಯ ಮುಖಪುಟದಲ್ಲಿ ಹಾಡುಗಾರ ತೊಟ್ಟಿದ್ದಂಥದ್ದೇ. ಕಾಲೇಜಿನಲ್ಲಿ ಕೊಂಡದ್ದು, ಇವತ್ತಿಗೂ ಅದೇ ಕೋಟು ಎಂದು ಕಂಡವರಿಗೆಲ್ಲ ಹೇಳುವುದು ಅವನ ಹೆಮ್ಮೆ. ಅದರ ಒಳಬಟ್ಟೆಯನ್ನು ಎರಡು ಸಲ ಪೂರ್ತಿ ಬದಲಾಯಿಸಿದವಳು, ಮೊಣಕೈಗೆ ಚರ್ಮದ ತೇಪೆ ಹಾಕಿದವಳು, ಕಾಲರನ್ನು ಬಿಚ್ಚಿ ತಿರುವಿ ಹೊಲಿದವಳು, ಗುಂಡಿಗಳನ್ನು ಊರೆಲ್ಲ ಸುತ್ತಿ ಹೊಂದಿಸಿದವಳು ಅವನ ಹೆಂಡತಿ. ಲೆಕ್ಕ ಹಾಕಿದರೆ ಕೋಟಿನಲ್ಲಿ ಹಳೆಯದಾಗಿ ಉಳಿದದ್ದು ಅವನ ಮಾತೊಂದೇ. ಹಾಡುಗಾರನ ಟೇಪು ತೊಳೆದವನ ಹೆಸರು ಪೆಟ್ಟಿಗೆಯ ಬೆನ್ನ ಮೇಲೆ ಅಚ್ಚಾಗಿರುತ್ತಿತ್ತು. ಕೋಟಿನ ಬೆನ್ನ ಮೇಲೆ ಯಾರ ಹೆಸರೂ ಇರಲಿಲ್ಲ.

ಅವಳ ಕಸುಬು ಹೊಲಿಗೆ. ಪ್ಯಾಂಟಿನ ಅಂಚು ಮಡಿಸುವುದು, ಜಿಪ್ ಬದಲಾಯಿಸುವುದು, ದಪ್ಪಗಾದವರಿಗೆ ಸಡಿಲ ಮಾಡಿಕೊಡುವುದು, ಮುಂದಿನ ತಿಂಗಳು ಸಣ್ಣಗಾಗುತ್ತೇನೆ ಎನ್ನುವವರಿಗೆ ಬಟ್ಟೆಯನ್ನು ಕತ್ತರಿಸದೆ ಒಳಗೇ ಮಡಿಚಿಡುವುದು. ಮೆಷಿನ್ ಇದ್ದದ್ದು ಊಟದ ಮೇಜಿನ ಮೇಲೆ. ಪ್ರತಿ ಊಟಕ್ಕೂ ಅದನ್ನು ಎತ್ತಿ ನೆಲಕ್ಕಿಡಬೇಕು, ದಾರ, ಕತ್ತರಿ, ಗುಂಡುಸೂಜಿ ಎಲ್ಲವನ್ನೂ ಬಾಚಿ ಕಿಟಕಿಯ ಕಟ್ಟೆಗೆ ಸರಿಸಬೇಕು, ಊಟ ಮುಗಿದು ಮೇಜು ಒರೆಸಿ ಮತ್ತೆ ಎತ್ತಿಡಬೇಕು. ಸೊಂಟ ಹಿಡಿದುಕೊಂಡ ದಿನ ಮಗಳು ಎತ್ತುತ್ತಿದ್ದಳು. ಅವನು ರೆಕಾರ್ಡುಗಳನ್ನಿಟ್ಟು ಕೇಳುತ್ತಿದ್ದ ಹಾಡಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಒಂದು ಮೆಷಿನ್‌ಗೆ ಸಾಕಾಗುವಷ್ಟು ಜಾಗವಿತ್ತು, ಒಳ್ಳೆ ಬೆಳಕಿನ ಜಾಗ. ಆ ಜಾಗ ಬೇಕೆಂದು ಅವಳು ಕೇಳಿದ್ದು ಮಗಳು ಪ್ರೈಮರಿ ಶಾಲೆಯಲ್ಲಿದ್ದಾಗ. "ಈ ಸರಣಿ ಒಂದು ಮುಗೀಲಿ" ಎಂದಿದ್ದ ಅವನು. ಮೆಷಿನ್ ಓಡಿದರೆ ನೆಲ ಅದುರಿ ರೆಕಾರ್ಡಿನ ಮೇಲೆ ಮುಳ್ಳು ಹಾರುತ್ತದೆ, ಕಿಟಕಿ ತೆರೆದರೆ ಬಿಸಿಲಿಗೆ ಪೆಟ್ಟಿಗೆಗಳ ಬೆನ್ನು ಮಾಸುತ್ತದೆ, ಸರಣಿ ಮುಗಿದರೆ ಎಲ್ಲವನ್ನೂ ಗಾಜಿನ ಕಪಾಟಿಗೆ ಸೇರಿಸಿ ಕೋಣೆ ಬಿಟ್ಟುಕೊಡುತ್ತೇನೆ ಎಂದು ವಿವರಿಸಿದ್ದ. ಮಗಳು ಈಗ ಕಾಲೇಜಿನಲ್ಲಿದ್ದಳು. ಸರಣಿ ಮುಗಿಯುವುದಿರಲಿ, ಹಳೆಯದಕ್ಕೇ ಹೊಸ ಪೆಟ್ಟಿಗೆ ಬರುತ್ತ ಹಿಂದಕ್ಕೆ ಬೆಳೆಯುತ್ತಿತ್ತು.

ಕೋಣೆಯ ಕಪಾಟು ಒರೆಸುವವಳು ಅವಳು. ರೆಕಾರ್ಡ್ ಹಿಡಿಯಲು ಅವನು ತೊಡುವ ಬಿಳಿ ಕೈಗವಸುಗಳನ್ನು ಬೇರೆ ಬಟ್ಟೆಗಳ ಜೊತೆ ಸೇರಿಸದೆ ಕೈಯಲ್ಲೇ ಒಗೆಯುವವಳೂ ಅವಳು. ಇದೆಲ್ಲದರ ಮೇಲೆ ಅವನಿಗೆ ಕಿವಿಯಾಗಿದ್ದವಳೂ ಅವಳೇ. ವಯಸ್ಸಿನ ಜೊತೆ ಅವನಿಗೆ ಸಣ್ಣ ಸ್ವರಗಳು ಸರಿಯಾಗಿ ಕೇಳಿಸುತ್ತಿರಲಿಲ್ಲ. ಇದನ್ನು ಅವನು ಬಾಯಿಬಿಟ್ಟು ಹೇಳಿರಲಿಲ್ಲ, ಅವಳು ಕೇಳಿರಲೂ ಇಲ್ಲ. ಹೊಸ ಆವೃತ್ತಿ ಬಂದ ಸಂಜೆ "ಏ, ಬಾ ಇಲ್ಲಿ, ಒಂದೇ ನಿಮಿಷ" ಎಂಬ ಕರೆ ಬರುತ್ತಿತ್ತು. ಅವಳು ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ಎರಡು ಸ್ಪೀಕರುಗಳಿಗೂ ಸಮದೂರದಲ್ಲಿದ್ದ ಹೊಸ್ತಿಲಲ್ಲಿ ನಿಲ್ಲಬೇಕು. ಹಳೆಯದನ್ನು ಸ್ವಲ್ಪ ಹೊತ್ತು ಹಾಕುವುದು, ಮುಳ್ಳು ಎತ್ತುವುದು, ಹೊಸದನ್ನು ಅಷ್ಟೇ ಹೊತ್ತು ಹಾಕುವುದು. "ಮೊದಲಿನದಾ, ಇದಾ?"

"ಇದೇ" ಎನ್ನುತ್ತಿದ್ದಳು ಅವಳು. ಅವನ ಮುಖ ಅರಳುತ್ತಿತ್ತು. ಕೂಡಲೇ ಅಂಗಡಿಯವನಿಗೂ ಗೆಳೆಯರಿಗೂ ಫೋನ್ ಮಾಡಿ, ಪರದೆ ಸರಿದಂತಾಗಿದೆ, ಡ್ರಮ್ ಎದೆಗೇ ಬಂದು ಬಡಿಯುತ್ತದೆ ಎಂದು ವರ್ಣಿಸುತ್ತಿದ್ದ. ಅಷ್ಟರಲ್ಲಿ ಅವಳು ಒಲೆಯ ಮುಂದೆ ಇರುತ್ತಿದ್ದಳು.

ಎರಡನೆಯ ಎಲ್‌ಪಿಯ ಐವತ್ತನೆಯ ವರ್ಷದ ಪೆಟ್ಟಿಗೆ ಬಂದ ಸಂಜೆಯೂ ಹೀಗೇ ಆಯಿತು. ಅವನಿಗೆ ಆವತ್ತು ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹಳೆಯದನ್ನು ಹಾಕಿದ, ಸಾಲು ಮುಗಿಯುವ ಮೊದಲೇ ಮುಳ್ಳು ಎತ್ತಿದ, ಧೂಳಿದೆಯೆಂದು ರೆಕಾರ್ಡ್ ತೆಗೆದು ಬ್ರಷ್ ಆಡಿಸಿದ, ಪೆಟ್ಟಿಗೆಯ ಕಡೆ ಹೋದ, ತಿರುಗಿ ಬಂದ, ಮತ್ತೆ ಹಾಕಿದ. ಅವಳು "ಇದೇ" ಎಂದು ಹೋದಳು. ಫೋನುಗಳಾದವು. ಪರದೆ ಎಂದಿಗಿಂತ ಹೆಚ್ಚು ಸರಿದಿತ್ತು. ಆಮೇಲೆ ಎಲ್ಲವನ್ನೂ ಒಪ್ಪವಾಗಿ ಎತ್ತಿಡಲು ಹೋದವನು ಪೆಟ್ಟಿಗೆಯೊಳಗೆ ಕೈ ಹಾಕಿ ಹಾಗೇ ನಿಂತುಬಿಟ್ಟ. ಹೊಸ ರೆಕಾರ್ಡ್ ತನ್ನ ಕಾಗದದ ಚೀಲದಲ್ಲಿ, ಅಂಟಿಸಿದ ಚೀಟಿ ಕೂಡ ಕೀಳದೆ, ತಣ್ಣಗೆ ಕೂತಿತ್ತು. ಬ್ರಷ್ ಆಡಿಸಿದ ಹಳೆಯದನ್ನೇ ಅವನು ತಿರುಗಿ ಹಾಕಿದ್ದ. ಎರಡು ಸಲವೂ ಹಾಡಿದ್ದು ಒಂದೇ.

ಕೈಗವಸು ಹಾಕಿಕೊಂಡೇ ಅವನು ಅಡುಗೆಮನೆಗೆ ಬಂದ. ಮಗಳು ಮೇಜಿನ ಮೇಲೆ ತಟ್ಟೆ ಜೋಡಿಸುತ್ತಿದ್ದಳು.

"ನೀನು ಕೇಳಿಸ್ಕೊಳ್ಳಲೇ ಇಲ್ಲ" ಅಂದ.

"ಇಲ್ಲ" ಅಂದಳು ಹೆಂಡತಿ.

"ಯಾವತ್ತಿಂದ?"

ಅವಳು ಒಲೆ ಆರಿಸಿದಳು. ಕಣ್ಣು ಪರೀಕ್ಷೆಗೆ ಬಂದವರು ಹತ್ತು ಗಾಜು ಬದಲಾಯಿಸಿದ ಮೇಲೆ ಏನು ಹೇಳುತ್ತಾರೆ ಎಂದು ಅವನನ್ನೇ ಕೇಳಿದಳು. ಎದ್ದು ಹೋದರೆ ಸಾಕು ಎಂದು ಕೊನೆಯದಕ್ಕೆ ತಲೆಯಾಡಿಸುತ್ತಾರೆ ಎಂಬುದನ್ನು ಊಟದ ಹೊತ್ತಿನಲ್ಲಿ ನಗುತ್ತ ಎಷ್ಟೋ ಸಲ ಹೇಳಿದವನು ಅವನೇ.

"ಅಪ್ಪಾ, ಅಮ್ಮನಿಗೆ ಕಾಣ್ತಾ ಇದ್ದಿದ್ದು ಒಲೆ ಮೇಲಿನ ಪಾತ್ರೆ" ಅಂದಳು ಮಗಳು.

"ನೀನು ಸುಮ್ನಿರು" ಎಂದು ಇಬ್ಬರೂ ಒಟ್ಟಿಗೆ ಅಂದರು.

ಅವಳಿಗೆ ಸಿಟ್ಟು ಬಂದಿರಲಿಲ್ಲ. ಸಿಟ್ಟಿಗಿಂತ ಹಳೆಯದೊಂದು ಎದ್ದಿತ್ತು. "ರೀ, ಇಷ್ಟು ವರ್ಷದಲ್ಲಿ ಈ ಮನೇಲಿ ಒಂದು ಹಾಡು ಕೊನೇವರೆಗೆ ಹೋಗಿದ್ದುಂಟಾ?" ಎಂದಳು. "ಮೊದಲ ಸಾಲೇ ಎರಡೆರಡು ಸಲ ಕೇಳಿದೀನಿ. ಹಾಡಿನಲ್ಲಿ ಅವನಿಗೆ ಅವಳು ಸಿಕ್ಕಿದಳಾ, ಬಿಟ್ಟುಹೋದಳಾ, ಅದೂ ಗೊತ್ತಿಲ್ಲ ನನಗೆ. ಇವತ್ತು ಪೂರ್ತಿ ಹಾಕಿ. ನಾನು ಕೂತ್ಕೊಂಡು ಕೇಳ್ತೀನಿ."

ಕೂರಲು ಆ ಕೋಣೆಯಲ್ಲಿ ಎರಡನೆಯ ಕುರ್ಚಿಯೇ ಇರಲಿಲ್ಲ. ಅವಳು ಹೊಲಿಗೆಯ ಸ್ಟೂಲನ್ನು ತಂದು ಕಿಟಕಿಯ ಪಕ್ಕ ಹಾಕಿಕೊಂಡಳು. ಅವನು ಹೊಸ ರೆಕಾರ್ಡನ್ನು ಹಾಕಿ, ಆ ಬದಿಯ ಕೊನೆಯ ಹಾಡಿಗೆ ಮುಳ್ಳು ಇಟ್ಟ. ಮೊದಲ ಸಾಲು ದಾಟುತ್ತಲೇ ಅವನ ಕೈ ಅಭ್ಯಾಸಬಲದಿಂದ ಮುಳ್ಳಿನ ಕಡೆ ಹೋಯಿತು. ಅವಳು ನೋಡಿದಳು, ಕೈ ಹಿಂದಕ್ಕೆ ಬಂತು. ಅವನು ಕುರ್ಚಿಯ ತುದಿಯಲ್ಲಿ ಕೂತ, ಎದ್ದ, ಕಪಾಟಿನ ಪೆಟ್ಟಿಗೆಯೊಂದನ್ನು ಕೂದಲೆಳೆಯಷ್ಟು ಸರಿಸಿದ, ಮತ್ತೆ ಕೂತ, ಮೊಣಕಾಲು ಅದುರಿಸಿದ. ಕಣ್ಣಿಗೆ ಮದ್ದು ಹಾಕಿಸಿಕೊಂಡು ರೆಪ್ಪೆ ಮುಚ್ಚಿ ಕೂತಿರಲಾರದ ಮಗುವಿನ ಹಾಗಿತ್ತು ಅವನ ಅವಸ್ಥೆ. ಹಾಡು ಮಾತ್ರ ತನ್ನ ಪಾಡಿಗೆ ಹೋಗುತ್ತಿತ್ತು. ಅದರಲ್ಲಿ ಅವಳು ಬಿಟ್ಟುಹೋಗಿದ್ದಳು, ಕೊಂಚ ದಿನ ತಿರುಗಿ ಬಂದು ಮತ್ತೆ ಬಿಟ್ಟುಹೋಗಿದ್ದಳು. ಒಳ್ಳೆಯದೇ ಮಾಡಿದಳು ಅನ್ನಿಸಿತು ಹೆಂಡತಿಗೆ. ಆದರೆ ಹಾಡು ಚೆನ್ನಾಗಿತ್ತು. ಇಷ್ಟು ಚೆನ್ನಾಗಿರಬಹುದೆಂದು ಅವಳು ಎಣಿಸಿಯೇ ಇರಲಿಲ್ಲ. ಗಂಡನ ಮೇಲೆ ಆಗ ನಿಜವಾಗಿ ಕೋಪ ಬಂತು. ಇದನ್ನು ಇಟ್ಟುಕೊಂಡೂ ಇಷ್ಟು ಕಾಲ ಕೊಡಲಿಲ್ಲವಲ್ಲ ಎಂದು.

ಕೊನೆಯ ತಂತಿಯ ನಾದ ಅಡಗುತ್ತ ಅಡಗುತ್ತ ಬಂದಾಗ ಅವನು ಎದ್ದೇಬಿಟ್ಟಿದ್ದ. ಅವಳು ಕೈ ಎತ್ತಿ ತಡೆದಳು. ನಾದದ ಆಚೆ, ರೆಕಾರ್ಡಿನೊಳಗೇ, ಹಾಡು ಮುದ್ರಿಸಿದ ಕೋಣೆಯ ಮೌನದಲ್ಲಿ, ಬಸಿಯ ಮೇಲೆ ಕಪ್ ಇಟ್ಟ ಸದ್ದು. ಆಮೇಲೆ ಮೆತ್ತಗೆ ಒಂದು ಹೆಂಗಸಿನ ದನಿ. ಮುಗಿಯಿತೇ, ಒಳಗೆ ಬರಲೇ ಎಂದು ಕೇಳಿದ ಹಾಗೆ. ಮುಳ್ಳು ತಾನಾಗಿ ಎದ್ದು ಪಕ್ಕಕ್ಕೆ ಹೋಯಿತು.

"ಅದು ಯಾರು?" ಅಂದಳು.

ಅವನಿಗೆ ಆ ದನಿ ಕೇಳಿಸಿರಲಿಲ್ಲ. ಅವಳು ಹೇಳಿದ ಮೇಲೆ ಮುಳ್ಳನ್ನು ಕೊನೆಯ ಸುತ್ತಿಗೇ ಇಟ್ಟು, ಕಿವಿಯನ್ನು ಸ್ಪೀಕರಿಗೆ ಹಚ್ಚಿ ಕೇಳಿದ. ಮುಖ ಸಣ್ಣದಾಯಿತು. ಹಳೆಯದನ್ನು ಹಾಕಿ ಕೊನೆಯನ್ನು ಕೇಳಿದರು. ಅಲ್ಲೂ ಇತ್ತು, ಮಸುಕಾಗಿ, ಅಷ್ಟೂ ವರ್ಷ. ಅವನು ಪೆಟ್ಟಿಗೆಯ ದಪ್ಪ ಪುಸ್ತಕವನ್ನು ತೆರೆದ. ಡ್ರಮ್ ಬಾರಿಸಿದವನು, ಫೋಟೋ ತೆಗೆದವನು, ಟೇಪು ಕಾಪಾಡಿದವನು, ತೊಳೆದವನು, ಅಕ್ಷರ ವಿನ್ಯಾಸ ಮಾಡಿದವನು, ಎಲ್ಲರೂ ಇದ್ದರು. ಕಪ್ ತಂದವಳು ಇರಲಿಲ್ಲ. ಹಾಡುಗಾರನ ನಾಯಿಯ ಹೆಸರನ್ನೂ ಬಲ್ಲವನು ಪುಟಗಳನ್ನು ಮುಂದಕ್ಕೂ ಹಿಂದಕ್ಕೂ ಮಗುಚುತ್ತಿದ್ದ.

"ಹುಡುಕ್ತಾ ಇರಿ" ಎಂದು ಅವಳು ಎದ್ದು ಹೋದಳು. ಬರುವಾಗ ಮೆಷಿನ್‌ನ ಒಂದು ಬದಿ ಅವಳ ಕೈಯಲ್ಲಿತ್ತು, ಇನ್ನೊಂದು ಬದಿ ಮಗಳ ಕೈಯಲ್ಲಿ. ಕಿಟಕಿಯ ಪಕ್ಕ ಒಂದು ಪುಟ್ಟ ಮೇಜು ಹಾಕಿ ಅದನ್ನು ಅದರ ಮೇಲಿಳಿಸಿ ಪರದೆ ಸರಿಸಿದಳು. ಅವನು ಏನೋ ಹೇಳಲು ತಲೆ ಎತ್ತಿದ. ಅವಳು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅವನು ಪುಸ್ತಕವನ್ನು ಕೆಳಗಿಟ್ಟು ಬಂದು, ಕುಂಟುತ್ತಿದ್ದ ಆ ಮೇಜಿನ ಕಾಲಿನ ಕೆಳಗೆ ರಟ್ಟಿನ ತುಂಡೊಂದನ್ನು ಮಡಿಚಿ ತುರುಕಿದ. ಐವತ್ತನೆಯ ವರ್ಷದ ಪೆಟ್ಟಿಗೆಯ ಜೊತೆ ಬಂದ ರಟ್ಟೇ ಅದು.

ಈಗಲೂ ಅವನು ಕೊಳ್ಳುತ್ತಾನೆ, ಆದರೆ ಒಂದೊಂದೇ. ಅಂಗಡಿಯವನು ಮಾತ್ರ 'ಜೋಡಿ' ಎನ್ನುವುದನ್ನು ಬಿಟ್ಟಿಲ್ಲ. ಹಾಡು ಹಾಕಬೇಕೆಂದರೆ ಅವನು ಮೆಷಿನ್‌ನ ಪಕ್ಕ ಬಂದು ನಿಲ್ಲಬೇಕು. "ಸ್ವಲ್ಪ ನಿಲ್ಲಿಸ್ತೀಯಾ?" ಎಂದರೆ ಅವಳು ತಲೆ ಎತ್ತದೆ, "ಈ ಅಂಚು ಒಂದು ಮುಗೀಲಿ" ಎನ್ನುತ್ತಾಳೆ. ಅಂಚು ಮುಗಿಯುತ್ತದೆ. ಮೆಷಿನ್ ನಿಲ್ಲುತ್ತದೆ. ಹಾಡು ಕೊನೆಯವರೆಗೆ ಹೋಗುತ್ತದೆ, ಅದು ಅವಳ ಷರತ್ತು. ಅವನ ಮೊಣಕಾಲು ಇನ್ನೂ ಅದುರುತ್ತದೆ.

ಇಂಥವರು ಜಿಪುಣರಲ್ಲ, ಹುಚ್ಚರಲ್ಲ, ಕೆಟ್ಟವರಂತೂ ಅಲ್ಲ. ಪ್ರೀತಿಸಿದ್ದು ಎಲ್ಲಿ ಮುಗಿದುಬಿಡುತ್ತದೋ ಎಂದು ಅದರ ಆರಂಭವನ್ನೇ ಮತ್ತೆ ಮತ್ತೆ ಕೊಂಡು ತರುವವರು, ಪ್ರತಿ ಸಲವೂ ಇನ್ನಷ್ಟು ದಪ್ಪದ ಪೆಟ್ಟಿಗೆಯಲ್ಲಿ. ಯಾವುದನ್ನೂ ಮುಗಿಯಗೊಡದೆ ಇರುವುದಕ್ಕೆ ಒಂದು ಬಿಡುವು ಬೇಕು, ಅದು ಅವರಿಗೆ ಸಿಕ್ಕಿರುತ್ತದೆ. ಆ ಬಿಡುವನ್ನು ಹೊಲಿದುಕೊಟ್ಟವರಿಗೆ ಮಾತ್ರ ಅದು ಸಿಕ್ಕುವುದಿಲ್ಲ. ಎಷ್ಟೇ ಒಳ್ಳೆಯ ಊಟವಾದರೂ ಮುಗಿಯುತ್ತದೆ, ಮುಗಿದ ಮೇಲೆ ಯಾರಾದರೂ ಎದ್ದು ಮೇಜು ಒರೆಸಬೇಕು ಎಂಬುದನ್ನು ಅವರು ಯಾವ ಪುಸ್ತಕದಿಂದಲೂ ಕಲಿತವರಲ್ಲ.